ವಿದ್ಯಾರ್ಥಿ ಪುರಸ್ಕಾರಕ್ಕೆ ನಾಮನಿರ್ದೇಶನ ಬರೆಯುವುದು ಹೇಗೆ?

ಕಾಲೇಜು ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಸೂಚನಾ ಫಲಕದಲ್ಲಿ ಒಂದು ಸುತ್ತೋಲೆ ಕಾಣಿಸಿಕೊಳ್ಳುತ್ತದೆ. ವರ್ಷದ ಅತ್ಯುತ್ತಮ ವಿದ್ಯಾರ್ಥಿ, ಉತ್ತಮ ಎನ್ನೆಸ್ಸೆಸ್ ಸ್ವಯಂಸೇವಕ, ಉತ್ತಮ ಎನ್‌ಸಿಸಿ ಕೆಡೆಟ್, ಸಮಾಜಸೇವೆಗಾಗಿ ದತ್ತಿ ಪುರಸ್ಕಾರ ಹೀಗೆ ನಾಲ್ಕಾರು ಹೆಸರುಗಳು, ಕೆಳಗೆ ‘ಅರ್ಹರ ಹೆಸರನ್ನು ಇಂತಿಷ್ಟು ದಿನದೊಳಗೆ ಸೂಚಿಸತಕ್ಕದ್ದು’ ಎಂಬ ಒಂದು ಸಾಲು. ಉಪನ್ಯಾಸಕರು ಕೊನೆಯ ದಿನ ಸಂಜೆ ಅರ್ಧ ಗಂಟೆಯಲ್ಲಿ ಅರ್ಜಿ ತುಂಬುತ್ತಾರೆ. ಆಯ್ಕೆ ಸಮಿತಿ ಇನ್ನೊಂದು ಸಂಜೆ ಅವನ್ನೆಲ್ಲ ಓದುತ್ತದೆ. ವೇದಿಕೆಯಲ್ಲಿ ಒಬ್ಬರ ಹೆಸರು ಕೂಗುತ್ತಾರೆ.

ಈ ಎರಡು ಸಂಜೆಗಳ ನಡುವೆ ಅರ್ಹರಾದ ಎಷ್ಟೋ ಮಕ್ಕಳು ಕೈತಪ್ಪಿ ಹೋಗುತ್ತಾರೆ. ಅರ್ಜಿ ಬರೆಯುವ ಮೇಜಿನಲ್ಲೂ, ಅದನ್ನು ಓದುವ ಮೇಜಿನಲ್ಲೂ ಕುಳಿತ ಅನುಭವ ನಮಗಿದೆ. ಬಹಳ ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯ ಹೆಸರನ್ನು ನಾವೇ ಸೂಚಿಸಿದ್ದೆವು. ಆಕೆಗೆ ಪುರಸ್ಕಾರ ಸಿಗಲಿಲ್ಲ. ಯಾಕೆಂದು ಸಮಿತಿಯ ಹಿರಿಯರೊಬ್ಬರನ್ನು ಕೇಳಿದಾಗ, “ನೀವು ಬರೆದದ್ದರಲ್ಲಿ ಆ ಹುಡುಗಿ ಒಳ್ಳೆಯವಳು ಎಂದು ಐದಾರು ಕಡೆ ಇತ್ತು. ಏನು ಮಾಡಿದಳು ಎಂಬುದು ಎಲ್ಲಿಯೂ ಇರಲಿಲ್ಲ” ಎಂದರು. ತಪ್ಪು ಹುಡುಗಿಯದಲ್ಲ, ನಮ್ಮದು. ಈ ಲೇಖನ ಬರೆಯಲು ಆ ಮಾತೇ ಕಾರಣ.

ಯಾರು ಬರೆಯಬೇಕು?

ನಾಮನಿರ್ದೇಶನ ಉಪನ್ಯಾಸಕರ ಕೆಲಸ ಎಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತಿರುವ ಹುಡುಗ ಊರಿನಲ್ಲಿ ಏನು ಮಾಡುತ್ತಾನೆಂಬುದು ಉಪನ್ಯಾಸಕರಿಗೆ ತಿಳಿಯದು. ಭಾನುವಾರ ಕ್ರೈಸ್ತ ಶಿಕ್ಷಣದ ತರಗತಿ ನಡೆಸುವವರು, ಐಸಿವೈಎಂ ಅಥವಾ ವೈಸಿಎಸ್ ಸಚೇತಕರು, ವಾಳೆಯ ಗುರಿಕಾರರು, ಧರ್ಮಭಗಿನಿಯರು, ಹಾಸ್ಟೆಲಿನ ವಾರ್ಡನ್, ರಕ್ತದಾನ ಶಿಬಿರ ನಡೆಸಿದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ.

ವೇದಿಕೆಯಲ್ಲಿ ನಿರೂಪಣೆ ಮಾಡುವವರು, ಹಾಡುವವರು, ಚುನಾವಣೆಯಲ್ಲಿ ಗೆದ್ದವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಅವರ ಹೆಸರು ತಾನಾಗಿ ಬರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಮರಳುವ, ಮನೆಯಲ್ಲಿ ಬೀಡಿ ಕಟ್ಟಿ ಶುಲ್ಕ ತುಂಬುವ, ಸದ್ದಿಲ್ಲದೆ ಇನ್ನೊಬ್ಬರಿಗೆ ನೆರವಾಗುವ ಮಕ್ಕಳ ಹೆಸರನ್ನು ಯಾರಾದರೂ ಬರೆದುಕೊಡಬೇಕು. ಕಾಲೇಜಿನ ನಿಯಮ ಹೊರಗಿನವರಿಗೆ ನೇರ ನಾಮನಿರ್ದೇಶನದ ಅವಕಾಶ ಕೊಡದಿದ್ದರೆ, ವಿದ್ಯಾರ್ಥಿಯ ತರಗತಿ ಮಾರ್ಗದರ್ಶಕರಿಗೋ ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿಗೋ ಬೆಂಬಲ ಪತ್ರ ಬರೆದುಕೊಡಬಹುದು.

ಮೊದಲು ನಿಯಮಾವಳಿ ಓದಿ

ಪುರಸ್ಕಾರಗಳೆಲ್ಲ ಒಂದೇ ಅಲ್ಲ. ಅತ್ಯುತ್ತಮ ವಿದ್ಯಾರ್ಥಿ ಪುರಸ್ಕಾರಕ್ಕೆ ಸಾಮಾನ್ಯವಾಗಿ ಅಂಕ, ನಡತೆ, ಪಠ್ಯೇತರ ಚಟುವಟಿಕೆ ಮೂರನ್ನೂ ನೋಡುತ್ತಾರೆ. ಸೇವಾ ಪುರಸ್ಕಾರಕ್ಕೆ ಅಂಕಪಟ್ಟಿ ಮುಖ್ಯವಲ್ಲ. ದತ್ತಿ ಪುರಸ್ಕಾರವಾದರೆ ದತ್ತಿ ಇಟ್ಟವರ ಉದ್ದೇಶ ಪತ್ರದಲ್ಲಿರುತ್ತದೆ, ಕಚೇರಿಯಲ್ಲಿ ಕೇಳಿ ನೋಡಬೇಕು. ನಿಯಮದಲ್ಲಿರುವ ಒಂದೊಂದು ಮಾನದಂಡವನ್ನೂ ಕಾಗದದ ಎಡಬದಿಯಲ್ಲಿ ಬರೆದು, ಬಲಬದಿಯಲ್ಲಿ ಅದಕ್ಕೆ ಹೊಂದುವ ಒಂದು ಘಟನೆ ಬರೆಯಿರಿ. ಬಲಬದಿ ಖಾಲಿ ಉಳಿದರೆ ಆ ವಿದ್ಯಾರ್ಥಿಗೆ ಬೇರೆ ಪುರಸ್ಕಾರ ಹೆಚ್ಚು ಹೊಂದೀತು.

ಎಲ್ಲರೂ ಮಾಡಲೇಬೇಕಾದ ಕೆಲಸವನ್ನು ಸಾಧನೆ ಎಂದು ಬರೆಯಬಾರದು. ಎನ್ನೆಸ್ಸೆಸ್ ಉದಾಹರಣೆ ನೋಡೋಣ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆಗಳ ಸೇವೆ ಮಾಡಬೇಕು, 7 ದಿನಗಳ ವಿಶೇಷ ಶಿಬಿರದಲ್ಲೂ ಭಾಗವಹಿಸಬೇಕು. ಆದ್ದರಿಂದ ‘240 ಗಂಟೆ ಸೇವೆ ಸಲ್ಲಿಸಿರುತ್ತಾರೆ, ಶಿಬಿರದಲ್ಲಿ ಭಾಗವಹಿಸಿರುತ್ತಾರೆ’ ಎಂದು ಬರೆದರೆ ಸಮಿತಿಗೆ ಹೊಸತೇನೂ ತಿಳಿಯುವುದಿಲ್ಲ. ಶಿಬಿರ ಮುಗಿದ ಮೇಲೂ ಆ ಊರಿಗೆ ಹೋಗಿ ಬಂದವರು ಯಾರು? ಅಲ್ಲಿ ಏನು ಮಾಡಿದರು? ಸಮಿತಿಗೆ ಬೇಕಾದ ಉತ್ತರ ಅಲ್ಲಿರುತ್ತದೆ.

ಕ್ಯಾಂಪಸ್ಸಿನಿಂದ ಹೊರಗಿನ ಅವಕಾಶಗಳೂ ಇವೆ. ಎನ್ನೆಸ್ಸೆಸ್ ಸ್ವಯಂಸೇವಕರಿಗೆ ಬೆಳ್ಳಿಹಬ್ಬದ ವರ್ಷವಾದ 1993-94ರಲ್ಲಿ ರಾಷ್ಟ್ರೀಯ ಪುರಸ್ಕಾರವನ್ನು ಸ್ಥಾಪಿಸಲಾಯಿತು. 5ರಿಂದ 18 ವರ್ಷದವರಿಗೆ ಪ್ರಧಾನ ಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರವಿದೆ. ಶೌರ್ಯ, ಸಮಾಜಸೇವೆ, ಪರಿಸರ, ಕ್ರೀಡೆ, ಕಲೆ ಮತ್ತು ಸಂಸ್ಕೃತಿ, ವಿಜ್ಞಾನ ಮತ್ತು ತಂತ್ರಜ್ಞಾನ ಅದರ ಕ್ಷೇತ್ರಗಳು. ಪಿಯುಸಿ ಓದುತ್ತಿರುವ ಮಕ್ಕಳೂ ವಯಸ್ಸು ಹೊಂದಿದರೆ ಅರ್ಹರು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರಗಳ ಜಾಲತಾಣದಲ್ಲಿ ಮಕ್ಕಳು ತಾವೇ ಅರ್ಜಿ ಹಾಕಬಹುದು, ಅವರ ಪರವಾಗಿ ಬೇರೆಯವರೂ ಹೆಸರು ಸೂಚಿಸಬಹುದು. ಕೊನೆಯ ದಿನಾಂಕವನ್ನು ಆಯಾ ವರ್ಷವೇ ನೋಡಿಕೊಳ್ಳಬೇಕು.

ವಿವರ ಸಂಗ್ರಹ

ಬರೆಯಲು ಕುಳಿತುಕೊಳ್ಳುವ ಮೊದಲು ಮೂವರೊಡನೆ ಮಾತನಾಡಿ. ಮೊದಲನೆಯವರು ವಿದ್ಯಾರ್ಥಿ. ‘ನಿನ್ನ ಸಾಧನೆ ಏನು?’ ಎಂದು ಕೇಳಿದರೆ ನಾಚಿಕೊಂಡು ಸುಮ್ಮನಾಗುತ್ತಾರೆ. ‘ಯಾವಾಗ ಶುರು ಮಾಡಿದ್ದು? ವಾರಕ್ಕೆ ಎಷ್ಟು ದಿನ? ಯಾವುದು ಕಷ್ಟವಾಯಿತು? ನೀನು ಹೋಗದ ದಿನ ಏನಾಗುತ್ತಿತ್ತು?’ ಎಂದು ಕೇಳಿ. ಎರಡನೆಯವರು ಆ ಕೆಲಸವನ್ನು ಹತ್ತಿರದಿಂದ ನೋಡಿದವರು. ಮೂರನೆಯವರು ಆ ಕೆಲಸದಿಂದ ಪ್ರಯೋಜನ ಪಡೆದವರು. ಈ ಮೂರನೆಯವರನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಆದರೆ ಅವರ ಬಾಯಿಯಿಂದ ಬಂದ ಒಂದು ಮಾತು ನಮ್ಮ ಹತ್ತು ಹೊಗಳಿಕೆಗಿಂತ ಮೇಲು.

ದಿನಾಂಕ, ಸ್ಥಳ, ಸಂಖ್ಯೆ ಮೂರನ್ನೂ ಅಲ್ಲಿಯೇ ಗುರುತು ಹಾಕಿಕೊಳ್ಳಿ. ಹಾಜರಿ ಪುಸ್ತಕ, ಫೋಟೋ, ಪತ್ರಿಕೆಯ ತುಣುಕು, ಶಾಲೆಯ ಮುಖ್ಯೋಪಾಧ್ಯಾಯರ ಚೀಟಿ ಇದ್ದರೆ ಪ್ರತಿ ತೆಗೆದಿಡಿ.

ಬರೆಯುವ ಕ್ರಮ

ಒಳ್ಳೆಯ ನಾಮನಿರ್ದೇಶನದಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರುತ್ತದೆ.

1. ಪರಿಸ್ಥಿತಿ ಹೇಗಿತ್ತು? ಯಾವ ಕೊರತೆ ಅಥವಾ ಸಮಸ್ಯೆ ಕಣ್ಣಿಗೆ ಬಿತ್ತು?
2. ವಿದ್ಯಾರ್ಥಿ ಯಾವ ಜವಾಬ್ದಾರಿ ಹೊತ್ತರು? ಯಾರಾದರೂ ವಹಿಸಿದ್ದೇ, ತಾವಾಗಿ ತೆಗೆದುಕೊಂಡದ್ದೇ?
3. ಸ್ವತಃ ಏನು ಮಾಡಿದರು? ತಂಡದ ಕೆಲಸವಾದರೆ ಅದರಲ್ಲಿ ಅವರ ಪಾಲು ಯಾವುದು?
4. ಅದರಿಂದ ಏನು ಬದಲಾಯಿತು?

ನಾವು ಅಂದು ಬರೆದ ಪತ್ರ ಹೆಚ್ಚು ಕಡಿಮೆ ಹೀಗಿತ್ತು:

“ಕುಮಾರಿ … ಇವರು ಶಿಸ್ತು, ವಿನಯ, ಸರಳತೆಗೆ ಹೆಸರಾದ ಬಹುಮುಖ ಪ್ರತಿಭೆಯ ವಿದ್ಯಾರ್ಥಿನಿ. ಓದಿನಲ್ಲಿ ಮುಂದಿರುವ ಇವರು ಸಮಾಜಸೇವೆಯಲ್ಲೂ ಅಪಾರ ಆಸಕ್ತಿ ಹೊಂದಿರುತ್ತಾರೆ. ಗುರುಹಿರಿಯರಲ್ಲಿ ಗೌರವವುಳ್ಳ ಇವರು ಎಲ್ಲರಿಗೂ ಮಾದರಿ. ಇವರನ್ನು ಪುರಸ್ಕಾರಕ್ಕೆ ಪರಿಗಣಿಸಬೇಕಾಗಿ ವಿನಂತಿ.”

ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ಈ ಪತ್ರ ಹಾಗೆಯೇ ನಿಲ್ಲುತ್ತದೆ. ಅದೇ ಇದರ ದೋಷ. ನಾವು ಬರೆಯಬೇಕಾಗಿದ್ದ ಪತ್ರ ಹೀಗಿರಬೇಕಿತ್ತು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ):

“ಕಾಲೇಜಿನ ಹಿಂಬದಿಯ ಕಟ್ಟಡ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ವಾಸವಾಗಿದ್ದವು. ಅಲ್ಲಿನ 11 ಮಕ್ಕಳಲ್ಲಿ ಯಾರೂ ಶಾಲೆಗೆ ಹೋಗುತ್ತಿರಲಿಲ್ಲ. ಎರಡನೇ ಬಿಎ ವಿದ್ಯಾರ್ಥಿನಿ ಕುಮಾರಿ … ಇದನ್ನು ಗಮನಿಸಿ, ಯಾರೂ ಹೇಳದೆಯೇ, ಪ್ರತಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ಒಂದೂವರೆ ಗಂಟೆ ಅವರಿಗೆ ಓದು ಬರಹ ಕಲಿಸತೊಡಗಿದರು. 2 ವರ್ಷಗಳಲ್ಲಿ ಪರೀಕ್ಷೆಯ ವಾರಗಳನ್ನು ಬಿಟ್ಟು ಒಂದು ದಿನವೂ ತಪ್ಪಿಸಲಿಲ್ಲ. ಜನನ ಪತ್ರವಿಲ್ಲದ ಕಾರಣ ಮಕ್ಕಳನ್ನು ಶಾಲೆಗೆ ಸೇರಿಸಲಾಗದು ಎಂದು ತಾಯಂದಿರು ನಂಬಿದ್ದರು. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇರುವುದನ್ನು ಇವರು ತಿಳಿದುಕೊಂಡು, ತಾಯಂದಿರನ್ನು ಕರೆದುಕೊಂಡು ಹೋಗಿ ಮುಖ್ಯೋಪಾಧ್ಯಾಯಿನಿಯವರೊಡನೆ ಮಾತನಾಡಿದರು. 7 ಮಕ್ಕಳು ಸರ್ಕಾರಿ ಶಾಲೆಗೆ ಸೇರಿದರು. ಇವರು ಪದವಿ ಮುಗಿಸುವ ಮೊದಲು ಕಿರಿಯ ತರಗತಿಯ ಇಬ್ಬರನ್ನು ತಯಾರು ಮಾಡಿದ್ದಾರೆ. ಸಂಜೆಯ ಪಾಠ ಈಗಲೂ ನಡೆಯುತ್ತಿದೆ.”

ಇದರಲ್ಲಿ ‘ಸೇವಾ ಮನೋಭಾವ’, ‘ನಾಯಕತ್ವ’ ಎಂಬ ಮಾತುಗಳೇ ಇಲ್ಲ. ಓದಿದವರಿಗೆ ಅವೆರಡೂ ತಾವಾಗಿ ಹೊಳೆಯುತ್ತವೆ.

ನಮ್ಮ ಊರಿನ ಒಂದು ಉದಾಹರಣೆ

ಹರೇಕಳ ಹಾಜಬ್ಬ ಅವರ ಹೆಸರನ್ನು ಕೇಳದವರು ಕರಾವಳಿಯಲ್ಲಿ ಇರಲಾರರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳಿಂದ ಅದನ್ನು ಸ್ವೀಕರಿಸಿದರು. ಅವರ ಬಗ್ಗೆ ‘ಮಹಾನ್ ಶಿಕ್ಷಣಪ್ರೇಮಿ’ ಎಂದರೆ ಕೇಳಿದವರ ಮನಸ್ಸಿನಲ್ಲಿ ಏನೂ ಮೂಡದು. ‘ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು, ತಾವು ಶಾಲೆ ಕಲಿಯದಿದ್ದರೂ ತಮ್ಮೂರಿನ ಮಕ್ಕಳಿಗೆ ಶಾಲೆ ಕಟ್ಟಿಸಿದರು’ ಎಂದರೆ ಎಲ್ಲವೂ ಆ ಒಂದು ವಾಕ್ಯದಲ್ಲಿ ಬಂತು. ನಿಮ್ಮ ವಿದ್ಯಾರ್ಥಿಯ ಬಗ್ಗೆಯೂ ಅಂತಹ ಒಂದು ವಾಕ್ಯ ಇರುತ್ತದೆ. ಅದನ್ನು ಹುಡುಕಿ ಪತ್ರದ ಮೊದಲ ಸಾಲಾಗಿ ಬರೆಯಿರಿ. ಸಮಿತಿಯವರು ಚರ್ಚೆಗೆ ಕುಳಿತಾಗ ‘ಆ ಶೆಡ್ಡಿನ ಮಕ್ಕಳಿಗೆ ಪಾಠ ಹೇಳಿದ ಹುಡುಗಿ’ ಎಂದು ನೆನಪಿಸಿಕೊಳ್ಳುವಂತೆ ಇರಬೇಕು.

ಉದ್ದ ಬರೆದರೆ ತೂಕ ಬರುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಪದ್ಮ ಪ್ರಶಸ್ತಿಯ ನಾಮನಿರ್ದೇಶನಕ್ಕೇ ವಿವರಣೆ ಗರಿಷ್ಠ 800 ಪದ. ಕಾಲೇಜಿನ ಪುರಸ್ಕಾರಕ್ಕೆ ಒಂದು ಪುಟ ಸಾಕು. ಹತ್ತು ಚಟುವಟಿಕೆಗಳ ಪಟ್ಟಿಗಿಂತ ಎರಡು ಘಟನೆಗಳ ವಿವರ ಲೇಸು. ಉಳಿದದ್ದನ್ನು ಬಯೋಡಾಟಾದಲ್ಲಿ ಹಾಕಿ.

ಹುಡುಗಿಯರ ಬಗ್ಗೆ ಬರೆಯುವಾಗ

ಹುಡುಗನಾದರೆ ‘ಸಂಘಟಕ, ನಾಯಕ, ಪ್ರತಿಭಾವಂತ’ ಎಂದೂ, ಹುಡುಗಿಯಾದರೆ ‘ವಿನಯವಂತೆ, ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುವವಳು’ ಎಂದೂ ನಮಗೆ ಅರಿವಿಲ್ಲದೆ ಬರೆದುಬಿಡುತ್ತೇವೆ. ಇದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬ ಇಬ್ಬರು ಸಂಶೋಧಕಿಯರು ಅಭ್ಯಾಸ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಹಿಳೆಯರ ಬಗೆಗಿನ ಪತ್ರಗಳು ಸರಾಸರಿ ಚಿಕ್ಕದಾಗಿದ್ದವು. ಅವುಗಳಲ್ಲಿ ಸಂಶಯ ಹುಟ್ಟಿಸುವ ಮಾತುಗಳು ಹೆಚ್ಚಾಗಿದ್ದವು.

ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಬರೆದಾದ ಮೇಲೆ ಹುಡುಗಿಯ ಹೆಸರಿನ ಜಾಗದಲ್ಲಿ ಹುಡುಗನ ಹೆಸರಿಟ್ಟು ಓದಿ. ಯಾವ ವಾಕ್ಯ ವಿಚಿತ್ರವಾಗಿ ಕೇಳಿಸುತ್ತದೋ ಅದನ್ನು ತಿದ್ದಿ. ಅವಳು ಶಿಬಿರ ನಡೆಸಿದ್ದರೆ ‘ಸಹಕರಿಸಿದರು’ ಎನ್ನಬೇಡಿ, ‘ನಡೆಸಿದರು’ ಎಂದೇ ಬರೆಯಿರಿ.

ಬಡತನ, ಕಾಯಿಲೆ, ಮನೆಯ ಕಷ್ಟ

ಕಷ್ಟದ ನಡುವೆ ಸಾಧಿಸಿದವರ ಬಗ್ಗೆ ಬರೆಯುವಾಗ ಎಚ್ಚರ ಬೇಕು. ತಂದೆಯ ಕುಡಿತ, ತಾಯಿಯ ಕಾಯಿಲೆ, ಮನೆಯ ಸಾಲ ಇವನ್ನೆಲ್ಲ ಬರೆದರೆ ಸಮಿತಿಯ ಮನ ಕರಗೀತು ಎಂದು ಆಸೆಯಾಗುತ್ತದೆ. ಆದರೆ ಆಯ್ಕೆಯಾದವರ ಪರಿಚಯವನ್ನು ಸಾವಿರ ಜನರ ಮುಂದೆ ಧ್ವನಿವರ್ಧಕದಲ್ಲಿ ಓದುವುದು ಇದೇ ಪತ್ರದಿಂದ. ಸ್ನೇಹಿತರ ಎದುರು, ತಂದೆತಾಯಿಯ ಎದುರು ಅದನ್ನು ಕೇಳುವ ಮಗುವಿಗೆ ಹೇಗಾಗಬೇಡ? ಪುರಸ್ಕಾರವೇ ಅವಮಾನವಾಗಬಾರದು.

ಆದ್ದರಿಂದ ಕಷ್ಟದ ವಿಷಯ ಬರೆಯುವುದಿದ್ದರೆ ವಿದ್ಯಾರ್ಥಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. 18 ವರ್ಷ ತುಂಬದವರಾದರೆ ಹೆತ್ತವರ ಒಪ್ಪಿಗೆಯೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಮಕ್ಕಳ ಮಾಹಿತಿಗೆ ಹೆತ್ತವರ ಒಪ್ಪಿಗೆ ಅಗತ್ಯವೆನ್ನುತ್ತದೆ. ಕೆಲಸಕ್ಕೆ ಸಂಬಂಧಪಟ್ಟ ಕಷ್ಟವನ್ನು ಮಾತ್ರ ಬರೆಯಿರಿ: ‘ಬೆಳಿಗ್ಗೆ ಹಾಲು ಹಾಕಿ ತರಗತಿಗೆ ಬರುತ್ತಾರೆ’ ಎಂದರೆ ಅದು ದುಡಿಮೆ, ಅದರಲ್ಲಿ ಗೌರವವಿದೆ. ಮನೆಯೊಳಗಿನ ನೋವು ಮನೆಯೊಳಗೇ ಇರಲಿ. ಸಹಾಯ ಪಡೆದವರ ಹೆಸರು, ಫೋಟೋ ವಿಷಯದಲ್ಲೂ ಇದೇ ನಿಯಮ.

ಬೆಂಬಲ ಪತ್ರ

ಧರ್ಮಕೇಂದ್ರದಿಂದ ಕೊಡುವ ಪತ್ರಗಳು ಬಹುತೇಕ ಒಂದೇ ನಮೂನೆಯವು: ‘ಇವರು ನಮ್ಮ ಧರ್ಮಕೇಂದ್ರದ ಸದಸ್ಯರಾಗಿದ್ದು ಉತ್ತಮ ನಡತೆಯವರಾಗಿರುತ್ತಾರೆ.’ ನಡತೆ ಪತ್ರಕ್ಕೆ ಇದು ಸಾಕು, ಪುರಸ್ಕಾರಕ್ಕೆ ಸಾಲದು. ಬೆಂಬಲ ಪತ್ರದಲ್ಲಿ ಮೂರು ವಿಷಯ ಇರಲಿ: ನೀವು ಯಾರು ಮತ್ತು ಎಷ್ಟು ಕಾಲದಿಂದ ಬಲ್ಲಿರಿ, ಸ್ವತಃ ಕಂಡದ್ದೇನು, ಆ ಕೆಲಸ ಬೇರೆಯವರ ಕೆಲಸಕ್ಕಿಂತ ಹೇಗೆ ಭಿನ್ನ. ನಾಮನಿರ್ದೇಶನದಲ್ಲಿರುವುದನ್ನೇ ಮತ್ತೆ ಬರೆಯಬೇಡಿ. ಅಲ್ಲಿಲ್ಲದ ಇನ್ನೊಂದು ಘಟನೆ ಸೇರಿಸಿ. ಪುರಸ್ಕಾರ ಸಾರ್ವಜನಿಕವಾದದ್ದಾದರೆ ಕೆಲಸ ಯಾರಿಗಾಗಿ ನಡೆಯಿತು, ಏನಾಯಿತು ಎಂಬುದಕ್ಕೆ ಒತ್ತು ಕೊಡಿ. ಇಗರ್ಜಿಯ ಪರಿಚಯವಿಲ್ಲದ ಸದಸ್ಯರಿಗೂ ಅರ್ಥವಾಗುವಂತೆ ಸಂಘಟನೆಗಳ ಹೆಸರನ್ನು ಬಿಡಿಸಿ ಬರೆಯಿರಿ.

ಕಂಡವರು ಬರೆಯಲಿ, ಅಧಿಕಾರದಲ್ಲಿರುವವರು ಸಹಿ ಹಾಕಲಿ. ಮುಖ ನೋಡಿರದ ದೊಡ್ಡವರೊಬ್ಬರ ಪತ್ರಕ್ಕಿಂತ ವಾರ ವಾರ ನೋಡಿದ ಟೀಚರಮ್ಮನ ಪತ್ರಕ್ಕೆ ಬೆಲೆ ಹೆಚ್ಚು.

ಬರೆಯಬಾರದ ಸಂಗತಿಗಳು

ಸಂಖ್ಯೆಗಳನ್ನು ಹಿಗ್ಗಿಸಬೇಡಿ. 30 ಗಿಡ ನೆಟ್ಟದ್ದನ್ನು 300 ಎಂದರೆ ಸಮಿತಿಯಲ್ಲಿ ಆ ಊರಿನವರೊಬ್ಬರು ಇದ್ದೇ ಇರುತ್ತಾರೆ. 30ರಲ್ಲಿ 22 ಗಿಡ ಮಳೆಗಾಲ ಕಳೆದು ಬೇಸಿಗೆಯಲ್ಲೂ ಉಳಿದಿವೆ ಎಂದು ಬರೆದರೆ ಅದೇ ದೊಡ್ಡ ಸಾಧನೆ. ಇನ್ನೊಬ್ಬ ಅಭ್ಯರ್ಥಿಯೊಡನೆ ಹೋಲಿಸಬೇಡಿ. ತಂಡದ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಬೇಡಿ, ಉಳಿದ ಮಕ್ಕಳಿಗೆ ಅದು ಅನ್ಯಾಯ. ನಿಮ್ಮ ಸಂಬಂಧಿಕರ ಮಗುವಾದರೆ ಸಂಬಂಧವನ್ನು ತಿಳಿಸಿ, ಇಲ್ಲವೇ ಬೇರೆಯವರಿಂದ ಬರೆಯಿಸಿ.

ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಹಟವೂ ಬೇಡ. ನಿಯಮ ಒಪ್ಪುವುದಾದರೆ ಸ್ಪಷ್ಟವಾದ ಕನ್ನಡ ಪತ್ರ ಎರವಲು ಇಂಗ್ಲಿಷಿಗಿಂತ ಒಳ್ಳೆಯದು. ಕಂಪ್ಯೂಟರಿನಿಂದ ಸಿದ್ಧ ಪತ್ರ ಬರೆಯಿಸುವುದು ಇಂದು ಸುಲಭ. ಆದರೆ ನೀವು ವಿವರ ಕೊಡದಿದ್ದರೆ ಅದೂ ‘ಬಹುಮುಖ ಪ್ರತಿಭೆ’ ಎಂದೇ ಬರೆಯುತ್ತದೆ.

ಕೊಡುವ ಮುನ್ನ ಒಮ್ಮೆ ನೋಡಿ

- ಹೆಸರು, ತರಗತಿ, ನೋಂದಣಿ ಸಂಖ್ಯೆ ದಾಖಲೆಯಲ್ಲಿ ಇರುವಂತೆಯೇ ಇದೆಯೇ?
- ಪ್ರತಿ ಮಾನದಂಡಕ್ಕೂ ಒಂದು ಘಟನೆ ಇದೆಯೇ?
- ಮೊದಲ ಎರಡು ಸಾಲು ಓದಿದರೆ ವಿದ್ಯಾರ್ಥಿ ಮಾಡಿದ್ದೇನೆಂದು ತಿಳಿಯುತ್ತದೆಯೇ?
- ಹೇಳಿದ ಸಂಖ್ಯೆಗಳಿಗೆ ಆಧಾರ ಇದೆಯೇ?
- ವಿದ್ಯಾರ್ಥಿ ಓದಿ ಒಪ್ಪಿದ್ದಾರೆಯೇ?
- ವಿದ್ಯಾರ್ಥಿಯ ಪರಿಚಯವೇ ಇಲ್ಲದ ಒಬ್ಬರು ಓದಿ, ‘ಇವರು ಏನು ಮಾಡಿದರು?’ ಎಂಬುದಕ್ಕೆ ಉತ್ತರ ಹೇಳಬಲ್ಲರೇ?

ಆಯ್ಕೆಯಾಗದಿದ್ದರೆ

ಹತ್ತು ಹೆಸರುಗಳಲ್ಲಿ ಒಂಬತ್ತು ಆಯ್ಕೆಯಾಗುವುದಿಲ್ಲ. ಹಾಗೆಂದು ಬರೆದದ್ದು ವ್ಯರ್ಥವಲ್ಲ. ಪತ್ರದ ಒಂದು ಪ್ರತಿಯನ್ನು ವಿದ್ಯಾರ್ಥಿಗೆ ಕೊಡಿ. ಮುಂದೆ ವಿದ್ಯಾರ್ಥಿವೇತನಕ್ಕೆ, ಎಂಎಸ್‌ಡಬ್ಲ್ಯು ಪ್ರವೇಶದ ಸಂದರ್ಶನಕ್ಕೆ, ಉದ್ಯೋಗದ ಅರ್ಜಿಗೆ ಅದೇ ವಿವರ ಬೇಕಾಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ತಾನು ಮಾಡಿದ್ದನ್ನು ಹಿರಿಯರೊಬ್ಬರು ಗಮನಿಸಿ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ ಎಂಬುದು ಇಪ್ಪತ್ತು ವರ್ಷದ ಮಗುವಿಗೆ ಸಣ್ಣ ವಿಷಯವಲ್ಲ.

ನಾವು ಹೇಳಿದ ಆ ವಿದ್ಯಾರ್ಥಿನಿ ಈಗ ಶಾಲಾ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ಸಿಕ್ಕಿದಾಗ ನಮ್ಮ ತಪ್ಪನ್ನು ಒಪ್ಪಿಕೊಂಡೆವು. “ಪ್ರಶಸ್ತಿ ಬಿಡಿ ಸರ್, ನೀವು ನನ್ನ ಹೆಸರು ಕೊಟ್ಟಿದ್ದಿರಿ ಅಂತಾನೇ ನನಗೆ ಇವತ್ತು ಗೊತ್ತಾಗಿದ್ದು” ಎಂದಳು. ಅಂದು ಅವಳಿಗೊಂದು ಮಾತು ಹೇಳಲೂ ನಮಗೆ ತೋಚಿರಲಿಲ್ಲ.

ನಿಮ್ಮ ವಾಳೆಯಲ್ಲಿ, ನಿಮ್ಮ ತರಗತಿಯಲ್ಲಿ, ನಿಮ್ಮ ಹಾಸ್ಟೆಲಿನಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಸುತ್ತೋಲೆ ಬರುವವರೆಗೆ ಕಾಯಬೇಡಿ. ಇಂದೇ ಒಂದು ನೋಟ್‌ಪುಸ್ತಕದಲ್ಲಿ ಅವರ ಹೆಸರು, ಅವರು ಮಾಡಿದ ಒಂದು ಕೆಲಸ ಮತ್ತು ದಿನಾಂಕ ಬರೆದಿಡಿ. ಕೊನೆಯ ದಿನ ಸಂಜೆ ಅರ್ಧ ಗಂಟೆಯಲ್ಲಿ ಬರೆಯಬೇಕಾಗಿ ಬಂದರೂ ಆಗ ಬರೆಯಲು ಸಂಗತಿ ಕೈಯಲ್ಲಿ ಇರುತ್ತದೆ.